ತುಂಡಾಗದ ದಾರ, ತೆರೆಯದ ಬಾಗಿಲು

ನಮ್ಮೂರಿನ ವಿಶ್ವವಿದ್ಯಾಲಯದ ಅಧ್ಯಕ್ಷರಿಗೆ, ಊರಿನ ಪತ್ರಿಕೆಯ ಮೂಲಕ. ನಿಮ್ಮ ಕಚೇರಿಗೇ ಕಳಿಸಿದರೆ ಇದು ಯಾವ ಮೇಜಿನ ಮೇಲೆ ನಿದ್ದೆಹೋಗುತ್ತದೆಂದು ನಾನು ಕಣ್ಣಾರೆ ನೋಡಿ ಬಂದಿದ್ದೇನೆ.

ಮಾನ್ಯರೇ,

ಒಬ್ಬರ ಹೆಸರನ್ನು ಕಟ್ಟಡದ ಹಣೆಯ ಮೇಲೆ ಹಿತ್ತಾಳೆಯ ಅಕ್ಷರಗಳಲ್ಲಿ ಕೂರಿಸಿ, ಅದೇ ಕಟ್ಟಡದ ಬಾಗಿಲು ಅವರೊಬ್ಬರಿಗೆ ಮಾತ್ರ ತೆರೆಯದಂತೆ ಮಾಡುವುದಕ್ಕೆ ಒಂದು ಬಗೆಯ ಪ್ರತಿಭೆ ಬೇಕು. ಆ ಪ್ರತಿಭೆ ತಮ್ಮಲ್ಲಿದೆ ಎಂದು ಹಾರ್ಲನ್ ಫಾಲ್ಸ್ ಊರಿಗೆ ಕಳೆದ ಶನಿವಾರ ಗೊತ್ತಾಯಿತು. ಪ್ರೊಫೆಸರ್ ಆರ್ಡಿತ್ ಕೊವಾಲ್ಚಿಕ್ ಎಂದಿನಂತೆ ತಮ್ಮ ಶನಿವಾರದ ತರಗತಿಗೆ ಬಂದು, ಕತ್ತಿನಲ್ಲಿ ತೂಗುಹಾಕಿಕೊಂಡಿದ್ದ ಕಾರ್ಡನ್ನು 'ಕೊವಾಲ್ಚಿಕ್ ವಿಜ್ಞಾನ ಕಲಿಕಾ ಕೇಂದ್ರ'ದ ಬಾಗಿಲಿಗೆ ಹಿಡಿದರು. ಕೆಂಪು ದೀಪ ಹತ್ತಿತು. ಕಾರ್ಡನ್ನು ಕೋಟಿನ ತೋಳಿಗೆ ಒರೆಸಿ ಮತ್ತೆ ಹಿಡಿದರು. ಮತ್ತೆ ಕೆಂಪು. ಬೆನ್ನ ಹಿಂದೆ ಚಳಿಗೆ ಕಾಲು ಕುಣಿಸುತ್ತ ನಿಂತ ಮಕ್ಕಳು, ಅವರ ಅಪ್ಪ ಅಮ್ಮಂದಿರು, ಕೂದಲು ಕಟ್ಟುವ ಪಟ್ಟಿಗಳ ಬುಟ್ಟಿ ಕೊಡಲು ಬಂದ ನಾನು. ತಲೆಯ ಮೇಲೆ ಅವರದೇ ಹೆಸರು. ಎಂಬತ್ತು ದಾಟಿದ ಆ ಹೆಂಗಸು ಕೋಪ ಮಾಡಿಕೊಳ್ಳಲಿಲ್ಲ. ಮಕ್ಕಳ ಕಡೆ ತಿರುಗಿ, ಜೀವಮಾನವಿಡೀ ಕೇಳಿದ್ದನ್ನೇ ಕೇಳಿದರು: "ಸರಿ. ಬಾಗಿಲು ತೆರೀಲಿಲ್ಲ. ಯಾಕೆ?"

"ಕಾರ್ಡ್ ಹಳೇದಾಗಿರ್ಬೇಕು, ಡಾಕ್ಟರ್ ಆರ್ಡಿ."

"ಇರಬಹುದು. ಬೇರೆ?"

"ಚಳಿಗೆ ಬಾಗಿಲು ಕೆಟ್ಟಿರುತ್ತೆ."

"ಇರಬಹುದು. ಪರೀಕ್ಷೆ ಮಾಡೋದು ಹೇಗೆ?"

ಒಬ್ಬ ಕಾವಲುಗಾರ ಒಳಗಿನಿಂದ ಬಂದು ತನ್ನ ಕಾರ್ಡು ಹಿಡಿದ. ಹಸಿರು ದೀಪ ಹತ್ತಿತು. ಆತ ಪಾಪ, ತಲೆ ಎತ್ತದೆ ಹೇಳಿದ: "ಕ್ಷಮಿಸಿ ಮೇಡಂ, ನಿಮ್ಮ ಹೆಸರು ಪಟ್ಟೀಲಿಲ್ಲ." ಅಲ್ಲಿಗೆ ಪರೀಕ್ಷೆ ಮುಗಿಯಿತು. ಬಾಗಿಲು ಚೆನ್ನಾಗಿತ್ತು. ಬೇಕೆಂದೇ ಮುಚ್ಚಿದ್ದಾರೆ ಎಂಬ ಉತ್ತರ ಆ ಮಕ್ಕಳಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಅವರಿನ್ನೂ ಚಿಕ್ಕವರು. ನನಗೆ ಹೊಳೆಯಿತು. ಹಾಗಾಗಿ ಈ ಪತ್ರ.

ನಾನು ಯಾರೆಂದು ನಿಮಗೆ ಹೇಳಬೇಕಾಗಿಲ್ಲ, ಓದುವವರಿಗೆ ಹೇಳುತ್ತೇನೆ. ಕಪ್ಪು ಜನರೇ ಹೆಚ್ಚಿರುವ ಊರಿನ ಪೂರ್ವಭಾಗದಲ್ಲಿ, ಬಸ್ ಡಿಪೋ ಎದುರು, ಹೆಂಗಸರ ಕೂದಲು ತೊಳೆದು, ಸುಧಾರಿಸಿ, ಹೆಣೆದು ಕಳಿಸುವ ಅಂಗಡಿ ನನ್ನದು. ಒಂದು ಕುರ್ಚಿಯಿಂದ ಶುರುಮಾಡಿದೆ. ಈಗ ಗೋಡೆಯುದ್ದಕ್ಕೂ ಕುರ್ಚಿಗಳಿವೆ. ಕಾಲೇಜು ಓದಿದವಳಲ್ಲ. ಆದರೆ ಅಂಗಡಿ ನಡೆಸುವವಳಿಗೆ ಒಂದು ಚಾಳಿ ಅಂಟಿಕೊಳ್ಳುತ್ತದೆ: ಬಾಗಿಲೊಳಗೆ ಯಾರು ಏನು ತಂದರು, ಹೋಗುವಾಗ ಯಾರು ಏನು ಒಯ್ದರು ಎಂಬುದನ್ನು ಮನಸ್ಸು ಕೇಳದೆಯೇ ಬರೆದಿಟ್ಟುಕೊಳ್ಳುತ್ತದೆ. ಆರ್ಡಿತ್ ಕೊವಾಲ್ಚಿಕ್ ನಿಮ್ಮ ಸಂಸ್ಥೆಗೆ ತಂದದ್ದೇನು, ನಿಮ್ಮ ಸಂಸ್ಥೆ ಅವರಿಂದ ಒಯ್ದದ್ದೇನು, ಇವತ್ತು ಊರೆಲ್ಲ ಕೇಳುವಂತೆ ಓದಿ ಹೇಳಿಬಿಡುತ್ತೇನೆ.

ಅವರಪ್ಪ ಟೈರು ಕಾರ್ಖಾನೆಯಲ್ಲಿ ಬೇಯಿಸುವ ಅಚ್ಚುಗಳ ಮುಂದೆ ನಿಲ್ಲುತ್ತಿದ್ದ ಸ್ಲೊವಾಕ್ ಮನುಷ್ಯ. ಮನೆಗೆ ಬಂದರೆ ಅಂಗಿಯಿಂದ ಗಂಧಕದ ವಾಸನೆ. ಹಸಿ ರಬ್ಬರು ಬಿಸಿಲಿಗೆ ಅಂಟಂಟಾಗುತ್ತದೆ, ಗಂಧಕ ಹಾಕಿ ಬೇಯಿಸಿದ್ದು ಆಗುವುದಿಲ್ಲ, ಅದ್ಯಾಕೆ ಎಂದು ಮಗಳು ಕೇಳಿದಳಂತೆ. "ಮಾಡೋಕೆ ಸಂಬಳ ಕೊಡ್ತಾರೆ ಮಗಳೇ, ಕೇಳೋಕೆ ಕೊಡಲ್ಲ" ಅಂದನಂತೆ ಆತ. ಕೇಳುವುದಕ್ಕೂ ಸಂಬಳ ಕೊಡುವ ಜಾಗ ಇದೆಯೆಂದು ಹುಡುಕಿಕೊಂಡು ಆ ಮಗಳು ನಿಮ್ಮ ವಿಶ್ವವಿದ್ಯಾಲಯಕ್ಕೆ ಬಂದಳು. ಅಲ್ಲಿ ಅವರು ಹಿಡಿದದ್ದು ಪಾಲಿಮರ್‌ಗಳ ಅಧ್ಯಯನ. ಪಾಲಿಮರ್ ಎಂದರೆ ಅಣುಗಳ ಉದ್ದುದ್ದ ಸರಪಳಿಗಳು; ರಬ್ಬರು, ನೈಲಾನು, ಪ್ಲಾಸ್ಟಿಕ್ಕು, ನಮ್ಮ ತಲೆಗೂದಲು, ಎಲ್ಲವೂ ಅದೇ ಕುಲ. ರಬ್ಬರಿನ ಸರಪಳಿಗಳ ನಡುವೆ ಗಂಧಕ ಅಲ್ಲಲ್ಲಿ ಗಂಟು ಹಾಕುವುದರಿಂದ ಅದು ಎಳೆದರೂ ಹಿಂದಕ್ಕೆ ಬರುತ್ತದೆ. ರಬ್ಬರು ಮುದಿಯಾಗಿ ಬಿರುಕು ಬಿಡುವುದೇಕೆ ಎಂಬುದರ ಮೇಲೆ ಅವರು ಮಾಡಿದ ಕೆಲಸವನ್ನು ದೇಶದ ಹೊರಗಿನವರೂ ಓದುತ್ತಾರಂತೆ. ಕಂಪನಿಗಳು ಕರೆದವು. ಹೋಗಲಿಲ್ಲ.

ಆಮೇಲೆ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು. ಊರಿನ ಗಾಳಿ ಶುದ್ಧವಾಯಿತು, ಊರು ಬರಿದಾಯಿತು. ಶಾಲೆಗಳಲ್ಲಿ ಪ್ರಯೋಗಾಲಯಗಳಿಗೆ ಬೀಗ ಬಿದ್ದು, ವಿಜ್ಞಾನವೆಂದರೆ ಹಾಳೆಯ ಮೇಲಿನ ಖಾಲಿ ಜಾಗ ತುಂಬುವುದು ಎಂದಾಯಿತು. ಆಗ ಆರ್ಡಿತ್ ಹಳೆಯ ರಸಾಯನಶಾಸ್ತ್ರ ಕಟ್ಟಡದ ನೆಲಮಾಳಿಗೆಯಲ್ಲಿ ಶನಿವಾರದ ತರಗತಿ ತೆರೆದರು. ಯಾರು ಬೇಕಾದರೂ ಬರಬಹುದು. ಮಕ್ಕಳು ಬಂದರು, ಅವರ ಹಿಂದೆ ಶಾಲೆಯ ಮೇಷ್ಟ್ರುಗಳು ಬಂದರು, ಕಲಿಸುವುದು ಹೇಗೆಂದು ಕಲಿಯಲು. ನಿಮ್ಮ ವಿಭಾಗದ ವಿದ್ವಾಂಸರು ಇದಕ್ಕೆ ಏನೆಂದರು ಗೊತ್ತೆ? ಬಡ್ತಿಯ ಸಮಿತಿ ಬರೆದದ್ದನ್ನು ಆರ್ಡಿತ್ ನನ್ನ ಅಂಗಡಿಯಲ್ಲಿ ಕೂತು ನಗುತ್ತ ಹೇಳಿದ್ದರು: ಸಂಶೋಧನೆ ಗಟ್ಟಿಯಾಗಿದೆ, ಆದರೆ ಶಾಲಾಮಕ್ಕಳನ್ನು ಬೆರೆಸಿ ತೆಳುವಾಗಿಸಿದ್ದಾರೆ. ಗಟ್ಟಿಯಾಗಿ ಉಳಿದ ಕಿರಿಯರೆಲ್ಲ ಪೂರ್ಣ ಪ್ರಾಧ್ಯಾಪಕರಾದರು. ತೆಳುವಾದ ಇವರು ಕಾದರು. ಆದರೆ ವಿಶ್ವವಿದ್ಯಾಲಯದ ಪ್ರತಿ ವರ್ಷದ ಹೊಳಪು ಹಾಳೆಯ ಪುಸ್ತಕದ ಮುಖಪುಟ ನೋಡಿ. ಬಡ್ತಿ ಪಡೆದ ಮಹನೀಯರ ಮುಖ ಅಲ್ಲಿಲ್ಲ. ಕಣ್ಣಿಗೆ ರಕ್ಷಣಾ ಕನ್ನಡಕ ಹಾಕಿದ ಪೂರ್ವಭಾಗದ ನಮ್ಮ ಮಕ್ಕಳು, ನಡುವೆ ಬಿಳಿಗೂದಲಿನ ಆರ್ಡಿತ್. ಆ ಫೋಟೋಗಳಿಗೆ ಮಾತ್ರ ಅವರು ಯಾವತ್ತೂ ತೆಳುವಾಗಿ ಕಾಣಲಿಲ್ಲ.

ಅವರ ಪರಿಚಯವಾದದ್ದು ಹೀಗೆ. ಅಂಗಡಿ ತುಂಬಿದ್ದ ಒಂದು ದಿನ, ಕೈಯಲ್ಲಿ ಖಾಲಿ ಚೀಲ ಹಿಡಿದ ಒಬ್ಬ ಬಿಳಿ ಹೆಂಗಸು ಒಳಗೆ ಬಂದು, ನೆಲದ ಮೇಲೆ ಬಿದ್ದ ಕೂದಲು ಕೊಡುತ್ತೀರಾ ಎಂದು ಕೇಳಿದರು. ಕುರ್ಚಿಗಳಲ್ಲಿದ್ದವರೆಲ್ಲ ಅವರತ್ತ ತಿರುಗಿದರು.

"ಕೂದಲು ಕತ್ತರಿಸ್ಕೊಳ್ಳೋಕೆ ಬರೋರನ್ನ ನೋಡಿದೀನಿ," ಅಂದೆ, "ಗುಡಿಸ್ಕೊಂಡು ಹೋಗೋಕೆ ಬಂದೋರು ನೀವೇ ಮೊದಲು."

ಡ್ರೈಯರಿನ ಕೆಳಗೆ ಕೂತಿದ್ದ ಮಿಸ್ ಅರ್ಲೀನ್ ಕೂಗಿಕೊಂಡಳು: "ವರ್ನೀಸ್, ನನ್ ಕೂದಲು ಕೊಟ್ಟೀಯ ಜೋಕೆ! ಯಾರ ಕೈಗೆ ಸಿಕ್ಕಿ ಏನು ಮಾಟ ಆಗುತ್ತೋ!"

"ಮಾಟ ನನಗೆ ಬರಲ್ಲ ಅಮ್ಮ," ಅಂದರು ಆರ್ಡಿತ್, ಅಷ್ಟೇ ಗಂಭೀರವಾಗಿ. "ಬರೋ ಹಾಗಿದ್ರೆ ಮೊದಲು ನಮ್ಮ ಡೀನ್ ಮೇಲೆ ಮಾಡ್ತಿದ್ದೆ."

ಮಿಸ್ ಅರ್ಲೀನ್ ನಕ್ಕ ರಭಸಕ್ಕೆ ತಲೆಯ ಸುರುಳಿಗಳು ಉದುರಿದವು. ಆ ದಿನ ಚೀಲ ತುಂಬಿತು. ಗುಂಗುರು, ನೇರ, ನರೆತದ್ದು, ಬಣ್ಣ ಹಾಕಿದ್ದು, ಹೆಣಿಗೆಗೆ ಬಳಸುವ ಕೃತಕ ಕೂದಲಿನ ತುಂಡುಗಳು ಕೂಡ. "ಶನಿವಾರ ಬಂದು ನೋಡಿ, ಇದರಿಂದ ಏನು ಮಾಡ್ತೀನಿ ಅಂತ" ಅಂದರು. ಶನಿವಾರ ನನ್ನ ಅಂಗಡಿಗೆ ಹಬ್ಬದ ದಿನ, ಹೋಗುವುದೆಲ್ಲಿ? ಮಗಳು ಒಡೆಸ್ಸಾಳನ್ನು ಕಳಿಸಿದೆ. ಸಂಜೆ ಮನೆಗೆ ಬಂದವಳೇ, "ಅಮ್ಮಾ, ಗುಂಗುರು ಮಾಡೋ ಔಷಧಿ ಯಾಕೆ ಕೊಳೆತ ಮೊಟ್ಟೆ ವಾಸನೆ ಹೊಡೆಯುತ್ತೆ ಹೇಳು ನೋಡೋಣ?" ಎಂದಳು. ಸೊಂಟದ ಮೇಲೆ ಕೈ. ಕೂದಲಿನೊಳಗೂ ಗಂಧಕದ ಗಂಟುಗಳಿವೆ, ನಾನು ದಿನವೂ ಮಾಡುವ ಕೆಲಸವೆಂದರೆ ಅವನ್ನು ಬಿಚ್ಚಿ ಬೇರೆ ಆಕಾರದಲ್ಲಿ ಮತ್ತೆ ಕಟ್ಟುವುದು ಎಂದು ನನ್ನ ಮಗಳಿಂದ ನಾನು ಕಲಿತೆ. ಆ ಒಡೆಸ್ಸಾ ಈಗ ಇದೇ ಊರಿನ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಾಳೆ. ನಾನು ಅಂದಿನಿಂದ ತರಗತಿಗೆ ಕೂದಲು ಕಳಿಸಿದೆ. ಜೊತೆಗೆ ಒಂದು ಬುಟ್ಟಿ ಕೂದಲು ಕಟ್ಟುವ ಪಟ್ಟಿಗಳನ್ನೂ. ಉದ್ದ ಕೂದಲನ್ನು ಬಿಗಿಯಾಗಿ ಕಟ್ಟದೆ, ಕನ್ನಡಕ ಹಾಕದೆ ಯಾರೂ ಅಲ್ಲಿ ಮೇಜಿನ ಹತ್ತಿರ ಸುಳಿಯುವಂತಿರಲಿಲ್ಲ. ಇದನ್ನು ನೆನಪಿಡಿ, ಸುರಕ್ಷತೆಯ ಮಾತಿಗೆ ಆಮೇಲೆ ಬರುತ್ತೇನೆ.

ಆ ತರಗತಿಯ ರೀತಿ ಓದುಗರಿಗೆ ತಿಳಿಯಬೇಕು. ಒಂದು ಬೀಕರಿನಲ್ಲಿ ಎರಡು ದ್ರಾವಣ, ಒಂದರ ಮೇಲೊಂದು, ಬೆರೆಯದೆ ನಿಂತಿರುತ್ತವೆ. ಎರಡೂ ಮುಟ್ಟುವ ಜಾಗದಲ್ಲಿ ಕೆನೆಯಂತೆ ತೆಳ್ಳನೆಯ ಪೊರೆ ಹುಟ್ಟುತ್ತದೆ. ಅದೇ ನೈಲಾನ್. ಚಿಮಟದಿಂದ ಹಿಡಿದು ಮೇಲೆಳೆದರೆ ಒದ್ದೆಯಾದ ದಾರವಾಗಿ ಬರುತ್ತಲೇ ಇರುತ್ತದೆ, ಏಕೆಂದರೆ ಎಳೆದಷ್ಟೂ ಕೆಳಗೆ ಹೊಸ ಪೊರೆ ಹುಟ್ಟುತ್ತಿರುತ್ತದೆ. ಕಡ್ಡಿಗೆ ಸುತ್ತುತ್ತ ಹೋಗಬೇಕು. ಮಕ್ಕಳು ಸುತ್ತ ನಿಂತು "ನಿಧಾನ, ನಿಧಾನ" ಎಂದು ಪಿಸುಗುಡುತ್ತಾರೆ. ಆದರೂ ಎಲ್ಲೋ ಒಂದು ಕಡೆ ದಾರ ತುಂಡಾಗುತ್ತದೆ. ಅವಸರವಾಯಿತೋ, ಪೊರೆ ತೆಳುವಾಯಿತೋ, ಕೈ ನಡುಗಿತೋ. ತುಂಡಾದ ಕೂಡಲೇ ಎಲ್ಲ ಮಕ್ಕಳೂ ಒಟ್ಟಿಗೆ ಕೂಗುವುದು ಆ ಕೋಣೆಯ ಸಂಪ್ರದಾಯ: "ಯಾಕೆ?" ಛಾವಣಿ ಹಾರಿಹೋಗುವಂತೆ. ಅಲ್ಲಿಯವರೆಗೆ ಯಾರೂ ಚಪ್ಪಾಳೆ ತಟ್ಟುವಂತಿಲ್ಲ. "ತುಂಡಾಗೋವರೆಗೂ ಅದು ಬರೀ ನೋಟ ಮಕ್ಕಳೇ, ತುಂಡಾದ ಮೇಲೆ ವಿಜ್ಞಾನ" ಅನ್ನುತ್ತಿದ್ದರು ಆರ್ಡಿತ್. 'ಮ್ಯಾಜಿಕ್' ಎಂಬ ಮಾತನ್ನು ಅಲ್ಲಿ ಯಾರಾದರೂ ಆಡಿದರೆ ಬೀಕರು ತೊಳೆಯುವ ಕೆಲಸ ಅವರಿಗೆ.

ಇನ್ನೊಂದು, ಆ ಕೋಣೆಯ ಕಪಾಟು. ಬೇರೆ ಕಡೆ ಗೆದ್ದದ್ದನ್ನು ಗಾಜಿನೊಳಗೆ ಇಡುತ್ತಾರೆ. ಆರ್ಡಿತ್ ಸೋತದ್ದನ್ನು ಇಡುತ್ತಿದ್ದರು. ಗಟ್ಟಿಯಾಗದ ಲೋಳೆ, ಮುದ್ದೆಯಾದ ದಾರ, ಬಿರುಕು ಬಿಟ್ಟ ಅಚ್ಚು. ಪ್ರತಿಯೊಂದರ ಕೆಳಗೂ ಮಾಡಿದ ಮಗುವಿನ ಹೆಸರು, ಹೀಗೇಕಾಯಿತು ಎಂಬುದಕ್ಕೆ ಆ ಮಗುವೇ ಕಂಡುಕೊಂಡ ಕಾರಣ. ಕಾರಣ ಕಂಡುಕೊಳ್ಳದೆ ಕಪಾಟಿನಲ್ಲಿ ಜಾಗವಿಲ್ಲ. ಅದರ ಮೂಲೆಯಲ್ಲಿ ಒಂದು ರಬ್ಬರಿನ ಚೆಂಡಿತ್ತು. ಹಸಿ ರಬ್ಬರಿನ ಹಾಲಿಗೆ ವಿನೆಗರ್ ಹಾಕಿ, ಗರಣೆಕಟ್ಟಿದ್ದನ್ನು ನೀರಿನಲ್ಲಿ ಹಿಂಡಿ ಹಿಂಡಿ ಮಾಡುವ ಚೆಂಡು. ಇದು ಮಾತ್ರ ನೆಲಕ್ಕೆ ಬಿಟ್ಟರೆ ಧೊಪ್ಪೆಂದು ಅಲ್ಲೇ ಕೂರುತ್ತದೆ. ಮಾಡಿದ ಹುಡುಗ ಕೆಳಗೆ ಬರೆದಿದ್ದ: 'ಎಲ್ಲರಿಗಿಂತ ಮೊದಲು ತೋರಿಸಬೇಕೆಂದು ಸರಿಯಾಗಿ ಹಿಂಡಲಿಲ್ಲ. ಒಳಗೆ ನೀರು ಉಳಿದಿದೆ.'

ಆ ಹುಡುಗನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಈ ಪತ್ರ ಹುದ್ದೆಗೆ ಬರೆದದ್ದು. ಅವನು ಕೆಳಗೆ ಚೆಂಡು ಹಿಂಡುತ್ತಿದ್ದಾಗ ಅವನ ತಾಯಿ ನನ್ನ ಕುರ್ಚಿಯಲ್ಲಿ ಕೂತಿರುತ್ತಿದ್ದಳು, ಅಷ್ಟು ಹೇಳಿದರೆ ಸಾಕು. "ನನ್ ಮಗನ ಬಾಯಿ ಮುಚ್ಚಿಸೋಕೆ ಆಗ್ತಿಲ್ಲ ವರ್ನೀಸ್," ಅನ್ನುತ್ತಿದ್ದಳು. "ಊಟಕ್ಕೆ ಕೂತ್ರೆ ಯಾಕೆ, ಚರ್ಚಲ್ಲಿ ಕೂತ್ರೆ ಯಾಕೆ. ಪಾದ್ರಿಗಳೇ ಮೊನ್ನೆ ಬೆವರು ಒರೆಸ್ಕೊಂಡ್ರು." ಹೇಳುವಾಗ ಕನ್ನಡಿಯಲ್ಲಿ ಅವಳ ಮುಖ ನೀವು ನೋಡಬೇಕಿತ್ತು, ಸ್ವಾಮಿ. ದೂರು ಹೇಳುವವಳ ಮುಖವಲ್ಲ ಅದು. ಆ ತಾಯಿ ಈಗಿಲ್ಲ. ಅವಳ ಮಗ ದೊಡ್ಡವನಾಗಿ, ದೊಡ್ಡ ದೊಡ್ಡ ಊರುಗಳಲ್ಲಿ ಕೆಲಸ ಮಾಡಿ, ಇದೇ ವಿಶ್ವವಿದ್ಯಾಲಯಕ್ಕೆ ಅಧ್ಯಕ್ಷನಾಗಿ ಬಂದ ದಿನ ಪೂರ್ವಭಾಗದಲ್ಲಿ ಅಂಗಡಿಗಳು ಮುಚ್ಚಿದ್ದವು. ನಮ್ಮ ಹೆಂಗಸರು ಈಸ್ಟರ್ ಹಬ್ಬಕ್ಕೆಂದು ಎತ್ತಿಟ್ಟಿದ್ದ ಟೋಪಿಗಳನ್ನು ಹಾಕಿಕೊಂಡು ನಿಮ್ಮ ಸ್ವಾಗತಕ್ಕೆ ಚರ್ಚಿಗೆ ಬಂದಿದ್ದರು. ಚರ್ಚಿನಲ್ಲಿ ನಾವು ತಟ್ಟಿದ ಚಪ್ಪಾಳೆ ನಿಮಗೆ ನೆನಪಿರಬಹುದು. ಆರ್ಡಿತ್ ಹಿಂದಿನ ಸಾಲಿನಲ್ಲಿ ನಿಂತು ಕಣ್ಣೊರೆಸಿಕೊಂಡದ್ದನ್ನು ನೀವು ನೋಡಿರಲಾರಿರಿ. ನಾನು ನೋಡಿದೆ. ಇನ್ನು ಮೇಲೆ ಯಾರೂ ನಮ್ಮ ತರಗತಿಯನ್ನು ತೆಳು ಅನ್ನುವುದಿಲ್ಲ ಎಂದುಕೊಂಡೆವು. ಮೇಲೆ ಕೂತವನು ನಮ್ಮ ಹುಡುಗ.

ನಮ್ಮ ಹುಡುಗ ಹೊಸ ಕಟ್ಟಡ ಕಟ್ಟಿಸಿದ. ಹಳೆಯ ನೆಲಮಾಳಿಗೆಯನ್ನು ಖಾಲಿ ಮಾಡಿಸಿದ. ಹೊಸ ಕಟ್ಟಡದಲ್ಲಿ ಗೋಡೆಗೊಂದು ಪರದೆ. ಬೆರಳಿಟ್ಟರೆ ಚಿತ್ರದಲ್ಲಿ ನೈಲಾನ್ ಹುಟ್ಟುತ್ತದೆ, ಎಂದೂ ತುಂಡಾಗುವುದಿಲ್ಲ. ಗಾಜಿನ ಪೆಟ್ಟಿಗೆಗಳಲ್ಲಿ ಹೊರಗಿನಿಂದ ತರಿಸಿದ ಹೊಳೆಯುವ ಮಾದರಿಗಳು. ಸೋತವರ ಕಪಾಟು? ಒಡೆಸ್ಸಾ ಫೋನು ಮಾಡಿದಳು: "ಅಮ್ಮಾ, ಬೇಗ ಕಾರ್ ತಗೊಂಡು ಬಾ. ಕಪಾಟು ಕಸದ ತೊಟ್ಟಿ ಪಕ್ಕ ಇದೆ." ಹೋಗಿ ನೋಡಿದರೆ ಕಪಾಟು ಒದ್ದೆಯಾಗಿ ಮಗುಚಿಬಿದ್ದಿತ್ತು. ತಾಯಿ ಮಗಳು ಸೇರಿ ಸಿಕ್ಕಿದ್ದನ್ನೆಲ್ಲ ಆರಿಸಿ ತುಂಬಿಕೊಂಡು ಬಂದೆವು. ಆರ್ಡಿತ್‌ಗೆ ಹೇಳಿದಾಗ ಅವರು ನಿಮ್ಮ ಪರವಾಗಿಯೇ ಮಾತಾಡಿದರು: "ಸಾಮಾನು ಸಾಗಿಸೋರಿಗೆ ಗೊತ್ತಾಗಿರಲ್ಲ ವರ್ನೀಸ್. ಅವನಿಗೆ ಗೊತ್ತಿದ್ರೆ ಬಿಡ್ತಿರಲಿಲ್ಲ." ಅವನು ಎಂದರೆ ನೀವು.

ಈಗ ಉದ್ಘಾಟನೆಯ ದಿನಕ್ಕೆ ಬರೋಣ. ದಾನಿಗಳು, ಮೇಯರು, ಕ್ಯಾಮೆರಾಗಳು. ಮುಂದಿನ ಸಾಲಿನಲ್ಲಿ ಒಡೆಸ್ಸಾಳ ಶಾಲೆಯ ಮಕ್ಕಳು, ತಲೆಗೆಲ್ಲ ನನ್ನ ಅಂಗಡಿಯ ಪಟ್ಟಿಗಳು. ಆರ್ಡಿತ್ ದಾರ ಎಳೆದು ತೋರಿಸಬೇಕೆಂದು ನಿಮ್ಮ ಕಚೇರಿ ಕೇಳಿತ್ತು. ಸಾಮಗ್ರಿಯೆಲ್ಲ ಸುರಕ್ಷತಾ ವಿಭಾಗವೇ ಸಿದ್ಧಪಡಿಸುತ್ತದೆ, ತಾವು ಬಂದು ಎಳೆದರೆ ಸಾಕು ಎಂದಿತ್ತು. ಬೀಕರು ಬಂತು. ಅದರ ಕೆಳಗಿನ ಅರ್ಧಕ್ಕೆ ವಿಶ್ವವಿದ್ಯಾಲಯದ ಲಾಂಛನವಿದ್ದ ಚೆಂದದ ನೀಲಿ ಹೊದಿಕೆ. ಆರ್ಡಿತ್ ಕನ್ನಡಕ ಹಾಕಿ, ಕೈಗವಸು ತೊಟ್ಟು, ಚಿಮಟ ಇಳಿಸಿ ಎಳೆದರು. ದಾರ ಬಂತು. ಮಕ್ಕಳು "ನಿಧಾನ, ನಿಧಾನ" ಅಂದರು. ದಾರ ಬಂತು, ಬಂತು, ಬರುತ್ತಲೇ ಇತ್ತು. ಜೀವಮಾನವೆಲ್ಲ ಎಳೆಗಳನ್ನು ಹಿಡಿದ ಕಣ್ಣು ನನ್ನದು. ಆ ದಾರ ನುಣ್ಣಗೆ, ಹುರಿಮಾಡಿದಂತೆ ಕಾಣುತ್ತಿತ್ತು. ಆರ್ಡಿತ್ ಬೆರಳುಗಳು ನಿಧಾನವಾದವು. ದಾನಿಗಳು ಆಗಲೇ ಚಪ್ಪಾಳೆ ಶುರುಮಾಡಿದ್ದರು. ಮಕ್ಕಳು ಮಾತ್ರ ತಟ್ಟಲಿಲ್ಲ. ಕಾಯುತ್ತಿದ್ದರು. ಕೊನೆಗೆ ತಡೆಯಲಾರದೆ ಮುಂದಿನ ಸಾಲಿನ ಒಬ್ಬ ಹುಡುಗಿ ಎದ್ದು ನಿಂತಳು. ಜುನೀಪರ್ ಎಂದು ಹೆಸರು, ಒಡೆಸ್ಸಾಳ ವಿದ್ಯಾರ್ಥಿನಿ.

"ಡಾಕ್ಟರ್ ಆರ್ಡಿ, ಯಾಕೆ ಕಿತ್ತೋಗ್ತಿಲ್ಲ?"

ಸಭೆ ನಕ್ಕಿತು. ಆರ್ಡಿತ್ ನಗಲಿಲ್ಲ. "ಒಳ್ಳೇ ಪ್ರಶ್ನೆ," ಅಂದರು. "ನನಗೂ ಗೊತ್ತಿಲ್ಲ. ಬಾ, ಇಬ್ರೂ ನೋಡೋಣ. ಮೊದಲು ಕನ್ನಡಕ ಹಾಕ್ಕೋ." ಜುನೀಪರ್ ಮೇಲೆ ಹೋಗಿ, ಅವರು ಹೇಳಿದಂತೆ ಆ ಲಾಂಛನದ ಹೊದಿಕೆಯನ್ನು ಮೇಲಕ್ಕೆ ಜಾರಿಸಿದಳು. ಕೆಳಗೆ, ಬಣ್ಣ ಹಾಕಿದ ಬರೀ ನೀರಿನಲ್ಲಿ, ಪೇಟೆಯಲ್ಲಿ ಕೊಂಡು ತಂದ ನೈಲಾನ್ ದಾರದ ಉಂಡೆ ಕೂತಿತ್ತು.

ಆ ಕ್ಷಣದಲ್ಲಿ ಆರ್ಡಿತ್ ಮುಖ ನಾನು ಮರೆಯುವುದಿಲ್ಲ. ಅವರು ಉಂಡೆಯನ್ನು ನೋಡಲಿಲ್ಲ, ನಿಮ್ಮನ್ನು ನೋಡಿದರು. ಕಾದರು. ಎದ್ದು ಒಂದು ಮಾತು ಹೇಳಬಹುದಿತ್ತು ನೀವು. ತಪ್ಪಾಯಿತು, ನನಗೆ ತಿಳಿದಿರಲಿಲ್ಲ ಎಂದರೂ ಅವರು ನಂಬುತ್ತಿದ್ದರು. ನಂಬುವುದಕ್ಕೆ ಅವರು ತಯಾರಾಗಿಯೇ ನಿಂತಿದ್ದರು. ನೀವು ಮೈಕು ಎಳೆದುಕೊಂಡು, ಹಲ್ಲು ಬಿಟ್ಟು, "ವಿಜ್ಞಾನ ಅಂದ್ರೆ ಮ್ಯಾಜಿಕ್, ಅಲ್ವಾ ಮಕ್ಕಳೇ?" ಅಂದಿರಿ. ಸಂಗೀತ ಹಾಕಿಸಿದಿರಿ. ಜುನೀಪರ್ ನೀರಿನಿಂದ ಎತ್ತಿದ್ದ, ತೊಟ್ಟಿಕ್ಕುವ ಉಂಡೆಯನ್ನು ಕೈಯಲ್ಲಿ ಹಿಡಿದುಕೊಂಡು, ತಾನೇನೋ ತಪ್ಪು ಮಾಡಿದೆ ಎಂಬಂತೆ ನಿಂತಿದ್ದಳು. ಅವಳ ಭುಜದ ಮೇಲೆ ಕೈಯಿಟ್ಟು ಆರ್ಡಿತ್ ಕೆಳಗಿಳಿದರು.

ಸುರಕ್ಷತೆಯ ಮಾತು ಈಗ. ನಿಮ್ಮ ವಿಭಾಗದವರ ಆತಂಕದಲ್ಲಿ ಹುರುಳಿಲ್ಲ ಎನ್ನುವವಳು ನಾನಲ್ಲ. ನಿಜವಾದ ಪ್ರಯೋಗದ ಮೇಲಿನ ದ್ರಾವಣ ಬೆಂಕಿ ಕಂಡರೆ ಹೊತ್ತಿಕೊಳ್ಳುತ್ತದೆ, ಅದರ ಆವಿ ಒಳ್ಳೆಯದಲ್ಲ. ನನ್ನ ಅಂಗಡಿಯಲ್ಲೂ ನೆತ್ತಿ ಸುಡುವ ಔಷಧಗಳಿವೆ; ಕೈಗವಸಿಲ್ಲದೆ ನನ್ನ ಹುಡುಗಿಯರು ಮುಟ್ಟುವಂತಿಲ್ಲ. ಜನ ತುಂಬಿದ ಸಭಾಂಗಣದಲ್ಲಿ ಬೇಡ ಎಂದಿದ್ದರೆ ಆರ್ಡಿತ್ ತಲೆಯಾಡಿಸಿ, ವಿನೆಗರ್ ಹಾಕಿ ಚೆಂಡು ಮಾಡಿ ತೋರಿಸುತ್ತಿದ್ದರು. ಬೇಡ ಎನ್ನುವ ಬಾಯಿ ನಿಮಗಿತ್ತು. ನೀವು ಸರಿ ಎಂದಿರಿ, ಮತ್ತು ಬೆನ್ನ ಹಿಂದೆ ಉಂಡೆ ಇಟ್ಟಿರಿ. ಮಕ್ಕಳನ್ನು ಆವಿಯಿಂದ ಕಾಪಾಡಿದಿರಿ, ಸುಳ್ಳಿನಿಂದ ಕಾಪಾಡುವ ವಿಭಾಗ ನಿಮ್ಮಲ್ಲಿಲ್ಲವೆ?

ಇದನ್ನೇ ಕೇಳಲು ನಾನು ನಿಮ್ಮ ಕಚೇರಿಗೆ ಬಂದಿದ್ದೆ. ನೀವು ಸಿಗಲಿಲ್ಲ. ಸಾರ್ವಜನಿಕ ಸಂಪರ್ಕದ ಯುವಕನೊಬ್ಬ ಕಾಫಿ ಕೊಟ್ಟು ಕೂರಿಸಿದ.

"ಮಿಸ್ ಪೆಟ್ಟಿಗ್ರೂ, ಒಂದು ವಿಷಯ ತಿಳ್ಕೊಳ್ಳಿ. ಆ ದಾರ ಕೂಡ ನೈಲಾನೇ. ಅಪ್ಪಟ ನೈಲಾನ್. ಸುಳ್ಳು ಏನೂ ತೋರಿಸಿಲ್ಲ ನಾವು."

"ವಿಗ್ ಕೂಡ ಕೂದಲೇ ಮಗಾ," ಅಂದೆ. "ಆದ್ರೆ ನಾನು ವಿಗ್ ಮಾರುವಾಗ ವಿಗ್ ಅಂತ ಹೇಳಿ ಮಾರ್ತೀನಿ. ಬೋಳುತಲೆಗೆ ಔಷಧಿ ಕೊಟ್ಟೆ, ರಾತ್ರಿ ಬೆಳೀತು ಅಂತ ಹೇಳಲ್ಲ."

ಅವನು ಬರೆದುಕೊಂಡ. ಏನು ಬರೆದುಕೊಂಡನೋ. "ಶನಿವಾರದ ತರಗತಿ ಇರುತ್ತೆ ತಾನೇ?" ಎಂದು ಕೇಳಿದೆ. "ಖಂಡಿತ," ಅಂದ. ಕೆಂಪು ದೀಪ ಹತ್ತಿದ್ದು ಆ ವಾರದ ಶನಿವಾರವೇ. ಸೋಮವಾರ ಆರ್ಡಿತ್‌ಗೆ ನಿಮ್ಮ ಕಚೇರಿಯಿಂದ ಸಂದೇಶ ಬಂತು: ತರಗತಿಯನ್ನು ನಿಲ್ಲಿಸಿಲ್ಲ, 'ಮರುಕಲ್ಪಿಸಲಾಗುತ್ತಿದೆ', ಆ ಅವಧಿಯಲ್ಲಿ ಕಟ್ಟಡ ಪ್ರವೇಶದ ಅಗತ್ಯವಿರುವುದಿಲ್ಲ, ಕೇಂದ್ರಕ್ಕೆ ತಮ್ಮ ಹೆಸರಿರುವುದು ಸಂಸ್ಥೆಯ ಹೆಮ್ಮೆ. ನಾನು ಅವರ ಅಡುಗೆಮನೆಯಲ್ಲಿ ಕೂತು ಅದನ್ನು ಓದಿದೆ. ಕೇಳಿಸಿಕೊಳ್ಳುತ್ತ ಅವರು ಎಲೆಕೋಸಿನ ಸೂಪು ಕಲಕುತ್ತಿದ್ದರು.

"ಹೆಸರು ತೆಗೀರಿ ಅಂತ ಬರೀರಿ," ಅಂದೆ ಸಿಟ್ಟಿನಲ್ಲಿ.

"ಹೆಸರು ಹಾಳಾಗಿಹೋಗ್ಲಿ ವರ್ನೀಸ್. ಆ ಹುಡುಗಿ ಜುನೀಪರ್ ಇದ್ದಾಳಲ್ಲ, ಅವತ್ತಿಂದ ಕ್ಲಾಸಲ್ಲಿ ಕೈ ಎತ್ತಿಲ್ವಂತೆ. ಒಡೆಸ್ಸಾ ಹೇಳಿದ್ಲು." ಸೌಟು ನಿಂತಿತು. "ನನ್ನ ಮುಂದೆ ಪ್ರಶ್ನೆ ಕೇಳಿ ಪೆಟ್ಟು ತಿಂದ ಮೊದಲ ಮಗು ಅದು." ಒಲೆ ಆರಿಸಿ ಅಂದರು, "ಎರಡನೇದು. ಅವನಿಗೆ ಯಾವಾಗ ಪೆಟ್ಟು ಬಿತ್ತೋ ನನಗೆ ಗೊತ್ತೇ ಆಗ್ಲಿಲ್ಲ."

ಅವನು ಎಂದರೆ, ಮಾನ್ಯರೇ, ಈಗಲೂ ನೀವೇ. ಬಾಗಿಲು ಮುಚ್ಚಿಸಿಕೊಂಡ ಮೇಲೂ ಆ ಹೆಂಗಸು ನಿಮ್ಮ ಸೋಲಿಗೆ ಕಾರಣ ಹುಡುಕುತ್ತ ಕೂತಿದ್ದಾರೆ. ನನಗೆ ಅಷ್ಟು ಸಹನೆಯಿಲ್ಲ. ನಾನು ವ್ಯಾಪಾರದವಳು. ದಾನಿಗಳ ಮುಂದೆ ದಾರ ತುಂಡಾದೀತು ಎಂಬ ಭಯಕ್ಕೆ ನೀವು ಇಷ್ಟೆಲ್ಲ ಮಾಡಿದಿರಿ ಎಂದು ನನ್ನ ಲೆಕ್ಕ. ಒಂದು ತುಂಡು ದಾರಕ್ಕೆ ಹೆದರಿದಿರಿ. ನಿಮ್ಮನ್ನು ಆ ಭಯದಿಂದ ಬಿಡಿಸುವುದಕ್ಕೆಂದೇ ಒಬ್ಬರು ತಮ್ಮ ಬಡ್ತಿಯನ್ನೂ ಶನಿವಾರಗಳನ್ನೂ ಸುರಿದಿದ್ದರು. ಅವರು ತಂದದ್ದು ಅದು. ನೀವು ಒಯ್ದದ್ದು ಅವರ ಹೆಸರು ಮಾತ್ರ.

ಹಾಗಾಗಿ ನನ್ನ ಬೇಡಿಕೆ. ಆರ್ಡಿತ್ ಅವರ ಕ್ಷಮೆ ಕೇಳಿ ಎಂದು ನಾನು ಹೇಳುವುದಿಲ್ಲ. ಅವರು ನಿಮ್ಮನ್ನು ಕ್ಷಮಿಸಿಬಿಡುತ್ತಾರೆ, ನಿಮಗೆ ಅದು ತೀರಾ ಸುಲಭವಾಗುತ್ತದೆ. ಅವರ ಕಾರ್ಡಿಗೆ ಹಸಿರು ದೀಪ ಹತ್ತಲಿ. ಶನಿವಾರದ ತರಗತಿ ಆ ಕಟ್ಟಡದಲ್ಲಿ, ನಿಜವಾದ ದ್ರಾವಣಗಳೊಂದಿಗೆ, ಗಾಳಿ ಎಳೆಯುವ ಗಾಜಿನ ಗೂಡಿನೊಳಗೆ, ಅವರು ಹೇಳಿದಂತೆ ನಡೆಯಲಿ. ಸೋತವರ ಕಪಾಟಿಗೆ ನಿಮ್ಮ ಹೊಳೆಯುವ ಪೆಟ್ಟಿಗೆಗಳಿಗಿಂತ ಮುಂದೆ ಜಾಗ ಕೊಡಿ. ಮತ್ತು ಮೊದಲ ಶನಿವಾರ ದಾರ ಎಳೆಯುವವರು ನೀವೇ ಆಗಬೇಕು, ಜುನೀಪರ್ ಎದುರಿಗೆ, ಹೊದಿಕೆ ಇಲ್ಲದ ಬೀಕರಿನಿಂದ. ದಾರ ತುಂಡಾಗುತ್ತದೆ. ಅವಳು ಕೈ ಎತ್ತುವವರೆಗೆ ಕಾಯಿರಿ. ಎಷ್ಟು ಹೊತ್ತಾದರೂ ಸರಿ.

ಕಪಾಟು ಸದ್ಯಕ್ಕೆ ನನ್ನ ಅಂಗಡಿಯಲ್ಲಿ, ಡ್ರೈಯರುಗಳ ಪಕ್ಕದಲ್ಲಿದೆ. ಕಸದ ತೊಟ್ಟಿಯ ಬಳಿ ಆರಿಸಿದ್ದರಲ್ಲಿ ಬಹಳಷ್ಟು ಹಾಳಾಗಿತ್ತು. ಆ ಮೂಲೆಯ ಚೆಂಡಿಗೆ ಮಾತ್ರ ಏನೂ ಆಗಿಲ್ಲ. ಅದನ್ನು ಒಯ್ಯಲು ಯಾರನ್ನೂ ಕಳಿಸಬೇಡಿ, ಕೊಡುವುದಿಲ್ಲ. ನೀವೇ ಬನ್ನಿ. ನಿಮ್ಮ ತಾಯಿಯ ಕುರ್ಚಿ ಕಿಟಕಿಯ ಹತ್ತಿರದ್ದು. ಬಂದಾಗ ಚೆಂಡನ್ನು ಒಮ್ಮೆ ನೆಲಕ್ಕೆ ಬಿಟ್ಟು ನೋಡಿ. ಅದು ಇವತ್ತಿಗೂ ಪುಟಿಯುವುದಿಲ್ಲ. ಆಗ ಅಂಗಡಿಯಲ್ಲಿ ಕೂತ ಹೆಂಗಸರೆಲ್ಲ ನಿಮ್ಮನ್ನು ಒಂದೇ ಮಾತು ಕೇಳುತ್ತಾರೆ. ಅದೇನೆಂದು ನಿಮಗೆ ಗೊತ್ತು. ಒಂದು ಕಾಲದಲ್ಲಿ ಅದನ್ನು ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದ ಹುಡುಗ ನೀವೇ.

ಇಂತಿ,
ಚರ್ಚಿನಲ್ಲಿ ತಟ್ಟಿದ ಚಪ್ಪಾಳೆಯನ್ನು ವಾಪಸು ಪಡೆಯುವ ದಾರಿ ತಿಳಿಯದ,
ವರ್ನೀಸ್ ಪೆಟ್ಟಿಗ್ರೂ
ಬಸ್ ಡಿಪೋ ಎದುರು, ಪೂರ್ವಭಾಗ, ಹಾರ್ಲನ್ ಫಾಲ್ಸ್, ಓಹಾಯೊ
(ಬಾಗಿಲು ತಳ್ಳಿದರೆ ತೆರೆಯುತ್ತದೆ. ಕಾರ್ಡು ಬೇಕಿಲ್ಲ.)